ಬೆಳ್ಳಿಗೆರೆ

"ಇದರ ಗಡಿಯಾರ ಎಲ್ಲಿ ಹೋಯ್ತಮ್ಮಾ?"

ಮಾತು ಕಾರಿನ ಒಳಗಿನಿಂದ ಬಂತು. ಆಡಿದವನ ಮುಖ ಕಾಣುತ್ತಿರಲಿಲ್ಲ. ಅವನು ಮುಂದಿನ ಸೀಟಿನ ಮೇಲೆ ಅಂಗಾತ ಮಲಗಿ, ತಲೆಯನ್ನು ಡ್ಯಾಶ್‌ಬೋರ್ಡಿನ ಕೆಳಗೆ ತೂರಿಸಿ, ಕಾಲುಗಳೆರಡನ್ನೂ ಬಾಗಿಲಿನಿಂದ ಹೊರಗೆ ಚಾಚಿದ್ದ. ಹಳೇ ಕಾರು ಕೊಳ್ಳುವ ಶೋಕಿಯವರು ಮಾತು ಮುಗಿಸುವ ಮೊದಲು ಈತನನ್ನು ಕಳಿಸುತ್ತಾರೆ. ಯಾವುದು ಕಂಪನಿಯಿಂದಲೇ ಬಂದದ್ದು, ಯಾವುದು ಆಮೇಲೆ ಅಂಟಿಸಿದ್ದು ಎಂದು ಹೇಳುವುದೇ ಅವನ ಕಸುಬು. ಕೊರಳಿಗೆ ದಾರ ಕಟ್ಟಿ ತೂಗುಹಾಕಿಕೊಂಡಿದ್ದ ದಪ್ಪ ಗಾಜಿನಿಂದಾಗಿ ಎಲ್ಲರೂ ಅವನನ್ನು ಭೂತಗನ್ನಡಿ ಎನ್ನುತ್ತಿದ್ದರು. ಫೋನಿನಲ್ಲಿ ಅವನೂ ನಗುತ್ತ ಹಾಗೆಯೇ ಪರಿಚಯ ಹೇಳಿಕೊಂಡಿದ್ದ.

ಅವಳು ಷೆಡ್ಡಿನ ಬಾಗಿಲಲ್ಲಿ, ಅರ್ಧ ಹೊಲಿದ ಫ್ರಾಕು ಹಿಡಿದುಕೊಂಡೇ ನಿಂತಿದ್ದಳು. ಬೀದಿಯವರಿಗೆಲ್ಲ ಅವಳು ಟೈಲರಮ್ಮ. ಎದುರುಮನೆಯ ಪುಟ್ಟಿಯ ಫ್ರಾಕಿನ ಒಂದು ತೋಳು ಗೇಟಿನ ಮೊಳೆಗೆ ಸಿಕ್ಕಿ ಹರಿದಿತ್ತು. ಹರಿದ ಜಾಗ ಮುಚ್ಚುವ ಹಾಗೆ ಕೆಂಪು ಅಂಚು ಕೂರಿಸಿ, ಇನ್ನೊಂದು ತೋಳಿಗೂ ಕೊರಳಿಗೂ ಅದೇ ಅಂಚು ಓಡಿಸುತ್ತಿದ್ದಳು. ನೋಡಿದವರು ಫ್ರಾಕು ಇದ್ದದ್ದೇ ಹೀಗೆ ಅಂದುಕೊಳ್ಳಬೇಕು. ಅವಳ ಕಸುಬಿನಲ್ಲಿ ಅದು ಹಳೆಯ ಉಪಾಯ.

"ಗಡಿಯಾರ ಇತ್ತೇನ್ರೀ?" ಎಂದು ಗಂಡನ ಕಡೆ ತಿರುಗಿದಳು.

ಗಂಡ ಜಗಲಿಯ ಮೆಟ್ಟಿಲ ಮೇಲೆ ಕೂತಿದ್ದ. ಪಕ್ಕದಲ್ಲಿಟ್ಟ ಟೀ ಆರಿ, ಮೇಲೆ ಕೆನೆ ಕಟ್ಟಿತ್ತು. "ಇರಲಿಲ್ಲ," ಎಂದ. ಅಷ್ಟೇ.

"ಡಿಲಕ್ಸ್ ಅಂತ ಹಾಕಿದ್ರಲ್ಲ," ಎಂದಿತು ಡ್ಯಾಶ್‌ಬೋರ್ಡಿನ ಕೆಳಗಿನ ದನಿ. "ಡಿಲಕ್ಸ್ ಅಂದ್ರೆ ಗಡಿಯಾರ ಇರಬೇಕು. ಬಿಸಿಲಿಗೆ ಅಡ್ಡ ಇಳಿಸೋ ಹಲಗೆ ಎರಡೂ ಕಡೆ ಇರಬೇಕು, ಇದಕ್ಕೆ ಡ್ರೈವರ್ ಕಡೆ ಮಾತ್ರ ಇದೆ. ಹಿಂದಿನ ಸೀಟಿಗೆ ನಡುವೆ ಕೈ ಇಡೋ ದಿಂಬು ಬರಬೇಕು, ಇಲ್ಲ. ಬಿಚ್ಚಿದ ಗುರುತೂ ಇಲ್ಲ. ಇದು ಹುಟ್ಟಿದ್ದೇ ಸ್ಟ್ಯಾಂಡರ್ಡ್ ಆಗಿ."

ಟೈಲರಮ್ಮನಿಗೆ ಕೆನ್ನೆ ಬಿಸಿಯಾಯಿತು. ಡಿಲಕ್ಸ್ ಎಂದು ಜಾಹೀರಾತು ಹಾಕಿಸಿದವಳು ಅವಳೇ. ಪಕ್ಕದ ಮನೆಯವರ ಫೋನಿನಿಂದ ನಾಲ್ಕೂ ದಿಕ್ಕಿನಿಂದ ಫೋಟೋ ಹೊಡೆಸಿ, ಒಂದೇ ಕೈಯಲ್ಲಿದ್ದ ಕಾರು, ಮನೆಮಗಳ ಹಾಗೆ ನೋಡಿಕೊಂಡದ್ದು ಎಂದೆಲ್ಲ ಬರೆಸಿದ್ದಳು. ಗಂಡನಿಗೆ ಇದ್ಯಾವುದೂ ಬೇಕಿರಲಿಲ್ಲ. ಔಷಧಿ ಅಂಗಡಿ ಇಟ್ಟು ಊರಿಗೆಲ್ಲ ಮಾತ್ರೆ ಕೊಟ್ಟವನ ಕಣ್ಣಿಗೆ ಈಚೆಗೆ ಔಷಧಿಯಿಲ್ಲದ ಮಸುಕು ಬಂದು ಕೂತಿತ್ತು. ನೋಟದ ಅಂಚು ಕಾಣುತ್ತಿತ್ತು, ನಡುಭಾಗ ಕಾಣುತ್ತಿರಲಿಲ್ಲ. ಎದುರಿಗೆ ನಿಂತವರ ಕಿವಿ ಉಂಟು, ಮೂಗಿಲ್ಲ. ಡಾಕ್ಟರು ಇನ್ನು ಸ್ಟೀರಿಂಗು ಮುಟ್ಟಬೇಡಿ ಎಂದ ದಿನವೇ ಅವನು, "ಗುಜರಿಯವನಿಗೆ ಕೊಟ್ಟುಬಿಡೋಣ, ಪುಡಿ ಮಾಡ್ಕೊಳ್ಲಿ," ಎಂದಿದ್ದ. ಅಷ್ಟು ಪ್ರೀತಿಯಿಂದ ಭಾನುವಾರ ಭಾನುವಾರ ತಾನೇ ತೊಳೆದ ಕಾರನ್ನು ಪುಡಿ ಮಾಡಿಸುವ ಮಾತು ಅವಳಿಗೆ ಹಿಡಿಸಲಿಲ್ಲ. ಮದುವೆಯಾದ ಮೇಲೆ ಅವಳು ಗಂಡನ ಮಾತು ಮೀರಿ ಹಟ ಹಿಡಿದು ಗೆದ್ದ ಕೆಲವೇ ಸಂಗತಿಗಳಲ್ಲಿ ಇದೂ ಒಂದು.

"ಹಾಗಾದ್ರೆ ಆ ಬೆಳ್ಳಿಗೆರೆ ಸುಳ್ಳಾ?" ಎಂದು ಜಗಲಿಯ ಬೆತ್ತದ ಕುರ್ಚಿಯಿಂದ ಅವಳ ತಾಯಿ ಕೇಳಿದಳು. ಹಣ್ಣು ಹಣ್ಣು ಮುದುಕಿ, ಆದರೆ ಕಿವಿ ಮಾತ್ರ ಹಾವಿನ ಕಿವಿ. ಹೆಡ್‌ಲೈಟಿನಿಂದ ಹಿಂದಿನ ದೀಪದವರೆಗೆ ಕಾರಿನ ಎರಡೂ ಮಗ್ಗುಲಲ್ಲಿ ಓಡುವ ಹೊಳೆಯುವ ಪಟ್ಟಿಗೆ ಬೆಳ್ಳಿಗೆರೆ ಎಂದು ಹೆಸರಿಟ್ಟವಳು ಅವಳೇ. ಬರಬರುತ್ತ ಕಾರಿಗೇ ಆ ಹೆಸರಾಗಿತ್ತು.

ಭೂತಗನ್ನಡಿ ಕಾಲೆಳೆದುಕೊಂಡು ಹೊರಗೆ ಬಂದ. ಐವತ್ತರ ಆಸುಪಾಸಿನ ಆಳು, ಮೊಣಕೈಗೆಲ್ಲ ಗ್ರೀಸು, ಮುಖದ ತುಂಬ ಸಂತೋಷ. ಕಾರಿನ ವಿಷಯ ಮಾತಾಡಲು ಯಾರಾದರೂ ಸಿಕ್ಕರೆ ಸಾಕು, ಅವನಿಗೆ ಹಸಿವೆ ನಿದ್ರೆ ಬೇಕಿಲ್ಲ. "ಸುಳ್ಳು ಅಂತಲ್ಲ ಅಜ್ಜಿ. ಪಟ್ಟಿ ಕಂಪನಿಯದೇ. ಈ ಕಾರಿನದಲ್ಲ, ಅಷ್ಟೇ."

"ಅಳಿಯಂದ್ರು ಹಾಕಿಸಿದ್ದು," ಎಂದಳು ಮುದುಕಿ. ಹೇಳಲು ಅವಳಿಗೆ ಹುರುಪು ಬಂದಿತ್ತು. "ಮೊಮ್ಮಗಳು ಹುಟ್ಟಿದಾಗ. ನಮ್ಮನೆಯವರು ಹೋಗಿ ಎರಡು ತಿಂಗಳಾಗಿತ್ತು, ಮನೇಲಿ ಒಬ್ಬರ ಮುಖದಲ್ಲೂ ನಗು ಇರಲಿಲ್ಲ. ಒಂದಿನ ಬಾಗಿಲಿಗೆ ಕಾರು ಬಂತು ನೋಡು, ಫಳಫಳ ಅಂತ. ತಾಯಿ ಮಗುನ ಕರ್ಕೊಂಡು ಹೋಗೋಕೆ ಅಂತ ಡಿಲಕ್ಸ್ ಮಾಡಿಸ್ಕೊಂಡು ಬಂದಿದ್ರು."

"ಏನಾಗಿತ್ತು ಯಜಮಾನರಿಗೆ?"

"ಯಾವುದೋ ಗಾಡಿ ಹೊಡ್ಕೊಂಡು ಹೋಯ್ತಪ್ಪ. ನಮ್ಮೂರ ತಿರುವಲ್ಲಿ. ನಿಲ್ಲಿಸಲೂ ಇಲ್ಲ, ಪಾಪಿ ನನ್ಮಗ. ಆ ರಾತ್ರಿಯೇ ಯಾರಾದ್ರೂ ಆಸ್ಪತ್ರೆಗೆ ಹಾಕಿದ್ರೆ ಉಳೀತಿದ್ರು ಅಂದ್ರು ಡಾಕ್ಟ್ರು. ರಾತ್ರಿ ಲಾಟೀನು ಹಿಡ್ಕೊಂಡು ಹುಡುಕಿದ್ವಿ, ಮೋರಿ ಕೆಳಗೆ ಬಿದ್ದಿದ್ದು ಕಾಣಲಿಲ್ಲ. ಬೆಳಗ್ಗೆ ಹಾಲಿನವನು ನೋಡೋ ಹೊತ್ತಿಗೆ ಏನೂ ಉಳಿದಿರಲಿಲ್ಲ." ಮುದುಕಿ ಶಾಲು ಎಳೆದುಕೊಂಡಳು. "ಆವತ್ತಿಂದ ಇವರೇ ನನಗೆ ಮಗ. ಹೊಟ್ಟೇಲಿ ಹುಟ್ಟಿದ ಮಗ ಇದ್ದಿದ್ರೂ ಹೀಗೆ ನೋಡ್ಕೊಳ್ತಿರಲಿಲ್ಲ."

ಭೂತಗನ್ನಡಿ ಚ್ಚ್ ಚ್ಚ್ ಎಂದು ನಾಲಿಗೆ ಬಡಿದ. ಆಮೇಲೆ, ಸಾವಿನ ಮಾತಿನಿಂದ ತಪ್ಪಿಸಿಕೊಳ್ಳಲು ಎಲ್ಲರೂ ಮಾಡುವಂತೆ, ಕೆಲಸಕ್ಕೆ ತಿರುಗಿದ. ಬಾನೆಟ್ ಎತ್ತಿ, ಗಾಜನ್ನು ಕಣ್ಣಿಗೆ ಹಿಡಿದು, ಇಂಜಿನ್ನಿನ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದ. ಹೊರಬಂದಾಗ ಮುಖ ಇನ್ನಷ್ಟು ಅರಳಿತ್ತು.

"ಅಮ್ಮಾ, ಡಿಲಕ್ಸ್ ಅಲ್ಲ ಅಂತ ಬೇಜಾರು ಮಾಡ್ಕೋಬೇಡಿ. ಇಂಜಿನ್ ಮಾತ್ರ ಬಂಗಾರ. ಒಂದ್ಸಲಾನೂ ಬಿಚ್ಚಿಲ್ಲ. ಬೋಲ್ಟಿನ ತಲೆ ಮೇಲೆ ಕಂಪನಿ ಬಣ್ಣ ಹಾಗೇ ಕೂತಿದೆ. ಸ್ಪ್ಯಾನರ್ ಸೋಕಿದ್ರೆ ಸಾಕು, ಬಣ್ಣ ಏಳುತ್ತೆ. ಇಂಥದ್ದು ನೋಡಿ ಎಷ್ಟು ಕಾಲ ಆಯ್ತೋ."

"ಅದೊಂದು ನೀವು ತಪ್ಪು ಹೇಳಿದ್ರಿ," ಎಂದಳು ಅವಳು, ಗಡಿಯಾರದ ಸೋಲಿಗೆ ಸೇಡು ಸಿಕ್ಕಿದವಳ ಹಾಗೆ. "ಒಂದ್ಸಲ ಇಂಜಿನ್ ಪೂರ್ತಿ ಇಳಿಸಿದ್ರು. ಅಪ್ಪ ಹೋದ ಆ ವಾರವೇ ಕೆಟ್ಟಿತ್ತು. ಎರಡು ತಿಂಗಳು ಗ್ಯಾರೇಜಲ್ಲಿತ್ತು. ಅಲ್ವೇನ್ರೀ?"

ಭೂತಗನ್ನಡಿ ಮತ್ತೆ ಬಗ್ಗಿ ನೋಡಿದ. "ಇಲ್ಲಮ್ಮ. ಇಳಿಸಿಲ್ಲ. ಜನ ಸುಳ್ಳು ಹೇಳ್ತಾರೆ, ಬೋಲ್ಟು ಹೇಳಲ್ಲ."

ಅವಳು ಗಂಡನನ್ನು ನೋಡಿದಳು. ಅವನು ತಣ್ಣಗಾದ ಟೀ ಲೋಟವನ್ನು ಹುಡುಕಿ ಕೈಗೆತ್ತಿಕೊಂಡ, ಕುಡಿಯದೆ ಮತ್ತೆ ಇಟ್ಟ. "ಆ ಮೆಕ್ಯಾನಿಕ್ಕು ಮೋಸ ಮಾಡಿರಬೇಕು. ಹೋಗಲಿ ಬಿಡಿ, ಸ್ಟ್ಯಾಂಡರ್ಡ್ ಅಂತ ಗೊತ್ತಾಯ್ತಲ್ಲ. ಅವರಿಗೆ ಬೇಡದಿದ್ರೆ ಬೇಡ. ಇವರಿಗೆ ಬೇರೆ ಕೆಲಸ ಇರುತ್ತೆ, ಕಳಿಸಿಕೊಡು."

ಎರಡು ತಿಂಗಳು ಕಾರು ಇಟ್ಟುಕೊಂಡು ಒಂದು ಬೋಲ್ಟೂ ಬಿಚ್ಚದ ಮೆಕ್ಯಾನಿಕ್ಕನ್ನು ಅವಳ ಗಂಡ ಆಗ ಸುಮ್ಮನೆ ಬಿಟ್ಟನೇ? ಅಂಗಡಿಯಲ್ಲಿ ಒಂದು ಮಾತ್ರೆ ಹೆಚ್ಚು ಕಡಿಮೆಯಾದರೆ ಪೆಟ್ಟಿಗೆಯನ್ನೇ ಬುಡಮೇಲು ಮಾಡುವ ಮನುಷ್ಯ. ಈ ಯೋಚನೆ ಅವಳ ತಲೆಯಲ್ಲಿ ಬಂದು, ಕೂರದೆ, ಹಾಗೇ ಹೋಯಿತು. ಅವಳ ಮನಸ್ಸಿಗಾದರೋ ಆ ಪಟ್ಟಿಯದೇ ಚಿಂತೆ.

"ಈಗ ಪಟ್ಟಿ ತೆಗೆದು ನೋಡಬೇಕು," ಎಂದು ಭೂತಗನ್ನಡಿ ಚೀಲದಿಂದ ಬಟ್ಟೆ ಸುತ್ತಿದ ತೆಳು ತಗಡು ತೆಗೆದ. "ಹೆದರಬೇಡಿ, ಗೀರು ಬೀಳಲ್ಲ."

"ಅದು ಬೇಡ," ಎಂದ ಗಂಡ. ದನಿ ಸ್ವಲ್ಪ ಗಟ್ಟಿಯಾಯಿತು. "ಹಳೇ ಕ್ಲಿಪ್ಪುಗಳು. ಮುರಿದರೆ ಸಿಗಲ್ಲ."

"ನಿಮಗೆ ಬೇಕಾಗಿರೋದು ಗುಜರಿ ತಾನೇ? ಗುಜರಿಗೆ ಕ್ಲಿಪ್ಪು ಮುರಿದರೇನು, ಬಿಟ್ಟರೇನು," ಎಂದು ಅವಳು ಚುಚ್ಚಿದಳು. "ತೆಗೀರಿ ನೀವು."

ಗಂಡ ಎದ್ದು ನಿಂತ. ಆಮೇಲೆ, ಎದ್ದದ್ದು ಯಾಕೆಂದು ತನಗೇ ತಿಳಿಯದವನ ಹಾಗೆ ಮತ್ತೆ ಕೂತ.

ಎಡಗಡೆಯ ಮಡ್‌ಗಾರ್ಡಿನ ಮೇಲಿದ್ದ ಪಟ್ಟಿ ಟಪ್ ಟಪ್ ಎಂದು ಒಂದೊಂದೇ ಕ್ಲಿಪ್ಪು ಬಿಡುತ್ತ ಹೊರಬಂತು. ಅದರಡಿಯಲ್ಲಿ ವರ್ಷಗಟ್ಟಲೆಯ ಧೂಳು ಒಂದು ಕಪ್ಪು ಗೆರೆಯಾಗಿ ಕೂತಿತ್ತು. ಭೂತಗನ್ನಡಿ ಅದನ್ನು ಬಟ್ಟೆಯಿಂದ ಒರೆಸಿ, ಗಾಜು ಹಿಡಿದು ನೋಡಿ, ಹುಬ್ಬು ಗಂಟಿಕ್ಕಿಕೊಂಡ. ಬಲಗಡೆಗೆ ಹೋಗಿ ಅಲ್ಲಿಯ ಪಟ್ಟಿಯನ್ನೂ ತೆಗೆದ. ಆಮೇಲೆ ಬಾಗಿಲುಗಳದ್ದು. ಕಾರು ತನ್ನ ಒಡವೆ ಬಿಚ್ಚಿಟ್ಟ ಮುದುಕಿಯಂತೆ ಒಮ್ಮೆಲೇ ಬೋಳಾಗಿ ಕಂಡಿತು.

"ಇದೇನು ವಿಚಿತ್ರ," ಎಂದ. "ಬನ್ನಿಯಮ್ಮ ಇಲ್ಲಿ. ಎಡಗಡೆ ಮಡ್‌ಗಾರ್ಡಿನ ತೂತು ನೋಡಿ. ಯಾವ ಆಕಾರ?"

ಅವಳು ಬಗ್ಗಿದಳು. "ಚೌಕ."

"ಕಂಪನೀಲಿ ಮೆಷಿನ್ನಲ್ಲಿ ಹೊಡೆಯೋದು ಚೌಕ ತೂತು. ಡಿಲಕ್ಸಿಗೆ ಮಾತ್ರ. ಸ್ಟ್ಯಾಂಡರ್ಡಿಗೆ ಪಟ್ಟಿನೇ ಇಲ್ಲ ಅಂದಮೇಲೆ ತೂತು ಯಾಕೆ? ಈಗ ಬಾಗಿಲು ನೋಡಿ, ಬಲಗಡೆ ನೋಡಿ. ಎಲ್ಲ ಗುಂಡಗೆ. ಕೈಯಲ್ಲಿ ಡ್ರಿಲ್ ಹಿಡಿದು ಹೊಡೆದಿದ್ದು. ಇಡೀ ಕಾರಲ್ಲಿ ಈ ಒಂದು ಮಡ್‌ಗಾರ್ಡು ಮಾತ್ರ ಡಿಲಕ್ಸಿಂದು. ಯಾಕೆ ಹೀಗೆ? ಅಂದ ಮಾಡಿಸೋರು ಎಲ್ಲ ಕಡೆ ಒಂದೇ ಥರ ಹೊಡೆಸ್ತಾರೆ. ಇಲ್ಲೇನೋ ಮುಚ್ಚಿಟ್ಟಿದ್ದಾರೆ."

"ನಾನ್ಯಾಕೆ ಮುಚ್ಚಿಡ್ಲಿ?" ಎಂದ ಗಂಡ ಮೆಟ್ಟಿಲಿನಿಂದ.

ಮುದುಕಿ ಬೊಚ್ಚುಬಾಯಿ ತೆರೆದು ನಕ್ಕಳು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತಲ್ಲ ಅಳಿಯಂದ್ರೆ! ನಿಮ್ಮನ್ನ ಯಾರು ಅಂದ್ರು?"

ಭೂತಗನ್ನಡಿಯೂ ನಕ್ಕ. ಅವಳೂ ನಕ್ಕಳು. ನಗುವಿನ ನಡುವೆಯೇ, ತನ್ನ ಕೈಯಲ್ಲಿದ್ದ ಫ್ರಾಕನ್ನು ಎತ್ತಿ ತೋರಿಸುತ್ತ, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು. "ಅದೇನು ಬ್ರಹ್ಮವಿದ್ಯೆ ಅಲ್ಲ. ಒಂದು ತೋಳು ಹರಿದಿದ್ರೆ ಎರಡು ತೋಳಿಗೂ ಅಂಚು ಹಾಕ್ತೀವಿ ನೋಡಿ, ಹಾಗೆ. ಒಂದಕ್ಕೇ ಹಾಕಿದ್ರೆ ತೇಪೆ ಅಂತ ಗೊತ್ತಾಗುತ್ತೆ. ಎಲ್ಲ ಕಡೆ ಹಾಕಿದ್ರೆ ಡಿಸೈನ್."

"ಆಹಾ!" ಭೂತಗನ್ನಡಿ ತೊಡೆ ತಟ್ಟಿಕೊಂಡ. "ಇಷ್ಟು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ, ನನಗೆ ಹೊಳೀಲಿಲ್ಲ. ಹಾಗಾದ್ರೆ ಹರಿದ ತೋಳು ಯಾವುದು? ಇದೇ." ಎಡಗಡೆಯ ಮಡ್‌ಗಾರ್ಡನ್ನು ಬೆರಳಿನಿಂದ ತಟ್ಟಿದ. ಕೂಡಲೇ ಚಕ್ರದ ಪಕ್ಕ ಮಲಗಿ ಟಾರ್ಚು ಹಾಕಿದ. ಮಾತು ಕೆಳಗಿನಿಂದ ಒಂದೊಂದಾಗಿ ಬರತೊಡಗಿತು. "ಒಳಗಡೆ ಹಸಿರು ಬಣ್ಣ. ಯಾವುದೋ ಹಸಿರು ಡಿಲಕ್ಸಿಂದು ಬಿಚ್ಚಿ ತಂದು ಮೇಲೆ ನಿಮ್ಮ ಬಣ್ಣ ಹೊಡೆದಿದ್ದಾರೆ... ಈ ಕಡೆ ಬೋಲ್ಟೆಲ್ಲ ಬಿಚ್ಚಿದ್ದು. ಬಲಗಡೆದು ಮುಟ್ಟೇ ಇಲ್ಲ... ಹೆಡ್‌ಲೈಟೂ ಇದೊಂದೇ ಬೇರೆ, ಗಾಜಿನ ಮೇಲಿನ ಗುರುತೇ ಬೇರೆ. ಸ್ಟ್ಯಾಂಡರ್ಡಿನ ಮಡ್‌ಗಾರ್ಡು ಆಗ ಅವಸರಕ್ಕೆ ಸಿಕ್ಕಿರಲ್ಲ. ಇದು ಸಿಕ್ಕಿದೆ, ತೂತಿದ್ದದ್ದು. ತೂತು ಬೆಸುಗೆ ಹಾಕಿ ಮುಚ್ಚಿದ್ರೆ ಗುರುತು ಕಾಣುತ್ತೆ, ನೋಡಿದೋರು ಇಲ್ಲೇನಾಗಿತ್ತು ಅಂತ ಕೇಳ್ತಾರೆ. ಯಾರೂ ಕೇಳಬಾರದು ಅಂತ ಸುತ್ತ ಪಟ್ಟಿ ಹೊಡೆಸಿಬಿಟ್ಟಿದ್ದಾರೆ. ಒಂದು ಮಡ್‌ಗಾರ್ಡಿಗೆ ಇಡೀ ಕಾರಿನ ಸಿಂಗಾರ! ಮೂಗಿಗಿಂತ ಮೂಗುತಿ ಭಾರ ಅಂದ ಹಾಗೆ."

ಅವಳ ನಗು ಇನ್ನೂ ಮುಖದ ಮೇಲೆಯೇ ಇತ್ತು. ಅದನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ.

"ಏನಕ್ಕೆ ಹೊಡೆದಿರಬಹುದು?" ಎಂದು ಕೇಳಿದಳು.

"ಕಂಬ ಗೋಡೆ ಅಲ್ಲ. ಹಾಗಿದ್ರೆ ಒಳಗಿನ ಚಾಸಿ ಬಗ್ಗಬೇಕಿತ್ತು, ಬಂಪರ್ ಹಿಡಿಕೆ ಬಗ್ಗಬೇಕಿತ್ತು. ಎಲ್ಲ ನೆಟ್ಟಗಿದೆ. ಬರೀ ದೀಪ, ಮಡ್‌ಗಾರ್ಡು. ಗಟ್ಟಿ ವಸ್ತು ಅಲ್ಲಮ್ಮ, ಮೆತ್ತಗಿನದು. ದನಗಿನ ಅಡ್ಡ ಬಂದಿರಬೇಕು."

"ಹೌದು, ದನ," ಎಂದ ಗಂಡ. ಪ್ರಶ್ನೆ ಅವನಿಗೆ ಯಾರೂ ಕೇಳಿರಲಿಲ್ಲ. "ಕಪ್ಪು ದನ. ಮರೆತೇ ಹೋಗಿತ್ತು."

ಇಷ್ಟು ವರ್ಷದಲ್ಲಿ ಆ ಕಪ್ಪು ದನದ ಬಾಲವೂ ಅವಳ ಕಿವಿಗೆ ಬಿದ್ದಿರಲಿಲ್ಲ. ಅಂಗಡಿಗೆ ಬಂದ ಗಿರಾಕಿಯ ಕೆಮ್ಮನ್ನೂ ಊಟದ ಹೊತ್ತಿಗೆ ಬಂದು ವರದಿ ಒಪ್ಪಿಸುವ ಗಂಡ, ಕಾರಿನ ಮುಖ ಮುರಿದ ಸುದ್ದಿ ಹೇಳದೆ ಬಿಟ್ಟಿದ್ದ. ಅವಳು ಷೆಡ್ಡಿನ ಗೋಡೆಗೆ ಕೈಕೊಟ್ಟು ನಿಂತಳು. ಫ್ರಾಕಿನಲ್ಲಿ ಚುಚ್ಚಿದ್ದ ಸೂಜಿ ಬೆರಳಿಗೆ ತಗುಲಿತು. ನೋವಾದದ್ದು ಗೊತ್ತಾಯಿತು, ಕೈ ತೆಗೆಯಬೇಕೆಂದು ಹೊಳೆಯಲಿಲ್ಲ.

ಆಗ ಅವಳು ತುಂಬು ಬಸುರಿ. ಮಲಗಿಯೇ ಇರಬೇಕು ಎಂದು ಡಾಕ್ಟರು ಹೇಳಿದ್ದರಿಂದ ಪಕ್ಕದೂರಿನ ತಾಯಿಯ ಮನೆಯಲ್ಲಿದ್ದಳು. ಗಂಡ ಶನಿವಾರ ಸಂಜೆ ಅಂಗಡಿ ಮುಚ್ಚಿ ಕಾರಿನಲ್ಲಿ ಬರುತ್ತಿದ್ದ. ಅಪ್ಪನಿಗೆ ಅಳಿಯನೆಂದರೆ ಅದೇನು ಸಡಗರವೋ. ಹೊತ್ತು ಮುಳುಗುವ ಹೊತ್ತಿಗೆ ಮೈಮೇಲೆ ಕಂದು ಕಂಬಳಿ ಹೊದ್ದು, ತಿರುವಿನ ಮೋರಿಕಟ್ಟೆಯ ಮೇಲೆ ಹೋಗಿ ಕೂತಿರುತ್ತಿದ್ದ. ಆ ಕಾರಿನ ಸದ್ದು ಅವನಿಗೆ ಮೈಲಿ ದೂರದಿಂದ ಗುರುತು ಸಿಗುತ್ತಿತ್ತು. ಸದ್ದು ಕೇಳಿದೊಡನೆ ಎದ್ದು, ರಸ್ತೆಗೆ ಇಳಿದು, ಎರಡೂ ಕೈ ಮೇಲೆತ್ತಿ ಕಾರು ನಿಲ್ಲಿಸಿ, ಮನೆಯ ತನಕದ ಆ ಚೂರು ದಾರಿಯನ್ನು ಮುಂದಿನ ಸೀಟಿನಲ್ಲಿ ಕೂತು ಬರುತ್ತಿದ್ದ. ಅಷ್ಟಕ್ಕೇ ಹೋಗುತ್ತಿದ್ದದ್ದು.

ಆ ಶನಿವಾರ ಗಂಡ ಬರಲಿಲ್ಲ. ಭಾನುವಾರ ಬಂದ, ಬಸ್ಸಿನಲ್ಲಿ. ಕಾರು ಎರಡು ದಿನದ ಹಿಂದೆಯೇ ಕೆಟ್ಟು ಗ್ಯಾರೇಜಿನಲ್ಲಿದೆ, ಇಂಜಿನ್ ಇಳಿಸಬೇಕಂತೆ ಎಂದ. ಅಂಗಳದಲ್ಲಿ ಮಲಗಿಸಿದ್ದ ಅಪ್ಪನ ಕಾಲು ಹಿಡಿದು, "ನಾನು ನಿನ್ನೆ ಬಂದಿದ್ರೆ ಮಾವ ಉಳೀತಿದ್ರು," ಎಂದು ಅವನು ಅತ್ತ ಅಳುವಿಗೆ ಸುತ್ತ ನಿಂತ ಗಂಡಸರೂ ಕಣ್ಣೊರೆಸಿಕೊಂಡಿದ್ದರು. ಅಮ್ಮನೇ ತನ್ನ ಗೋಳು ನಿಲ್ಲಿಸಿ ಅಳಿಯನ ಬೆನ್ನು ನೇವರಿಸಿದ್ದಳು. ಪೊಲೀಸರು ರಸ್ತೆಯ ಮೇಲಿನ ಒಡೆದ ದೀಪದ ಗಾಜು ಕಟ್ಟಿಕೊಂಡು ಹೋಗಿ, ಸ್ವಲ್ಪ ದಿನ ಹುಡುಕಿ, ಕೈಚೆಲ್ಲಿದರು. ಅವರ ಹಿಂದೆ ಓಡಾಡಿದವನೂ ಅಳಿಯನೇ. ಆಮೇಲೆ ಮಗು ಹುಟ್ಟಿತು. ಬೆಳ್ಳಿಗೆರೆ ಎಳೆಸಿಕೊಂಡ ಕಾರು ಬಾಗಿಲಿಗೆ ಬಂತು. ಹಸುಗೂಸನ್ನು ಎದೆಗವಚಿಕೊಂಡು ಅವಳು ಅದರ ಮುಂದಿನ ಸೀಟಿನಲ್ಲಿ ಕೂತು, ಆ ತಿರುವನ್ನು ದಾಟಿ ಬಂದಿದ್ದಳು.

ಹಾಗಾದರೆ ಅಪ್ಪ ಎದ್ದು ನಿಂತಿದ್ದ. ಯಾವುದೋ ಗಾಡಿಗೆ ಅವನು ಯಾಕೆ ಎದ್ದು ರಸ್ತೆಗೆ ಇಳಿದ ಎಂದು ಅವಳು ಎಷ್ಟು ರಾತ್ರಿ ಯೋಚಿಸಿಲ್ಲ. ಯಾವುದೋ ಗಾಡಿಗಲ್ಲ. ಸದ್ದು ಗುರುತು ಹಿಡಿದು ಎದ್ದಿದ್ದ. ಎರಡೂ ಕೈ ಮೇಲೆತ್ತಿದ್ದ.

"ಅಮ್ಮಾ, ಕುಡಿಯೋಕೆ ನೀರು," ಎಂದ ಭೂತಗನ್ನಡಿ. ಅವಳು ಹೋಗಿ ನೀರು ತಂದುಕೊಟ್ಟಳು. ಹೋದದ್ದೂ ಬಂದದ್ದೂ ಅವಳಿಗೆ ನೆನಪಿಲ್ಲ.

ಅವನು ಕೈ ಒರೆಸಿಕೊಂಡು, ಚೀಲ ಕಟ್ಟಿದ. "ತಗೊಳ್ಳೋರಿಗೆ ಸಂಜೆ ಹೇಳ್ತೀನಿ. ಸ್ಟ್ಯಾಂಡರ್ಡ್ ಅಂತ ಅವರೇನೂ ಬೇಡ ಅನ್ನಲ್ಲ, ಇಂಜಿನ್ ಹೀಗಿದ್ದಮೇಲೆ. ಪಟ್ಟಿ ತೆಗೆದು ಹಾಕಿ, ತೂತೆಲ್ಲ ಮುಚ್ಚಿ, ಎಡಗಡೆಗೆ ಸರಿಯಾದ ಮಡ್‌ಗಾರ್ಡು ಹುಡುಕಿ ಕೂರಿಸಿದ್ರೆ ಆಯ್ತು. ಕಂಪನಿಯಿಂದ ಬಂದ ದಿನ ಹೇಗಿತ್ತೋ ಹಾಗಾಗುತ್ತೆ. ಈ ಪಟ್ಟಿಗಳನ್ನ ಹಾಕಿಕೊಟ್ಟು ಹೋಗ್ಲಾ?"

"ಇರಲಿ. ನಾವು ಹಾಕ್ಕೊಳ್ತೀವಿ," ಎಂದಳು.

ಅವನು ಗೇಟು ದಾಟುವಾಗ ತಿರುಗಿ ನಿಂತು ಕಾರನ್ನು ಇನ್ನೊಮ್ಮೆ ಪ್ರೀತಿಯಿಂದ ನೋಡಿದ. ಪಾಪ, ಅವನದೇನು ತಪ್ಪು. ಅವನಿಗೆ ಬೇಕಾದದ್ದು ಯಾವುದು ಅಸಲಿ, ಯಾವುದಲ್ಲ ಅನ್ನುವುದಷ್ಟೇ. ಅದನ್ನು ಹೇಳಿದ್ದಾಗಿತ್ತು.

ಬಿಸಿಲು ನೆತ್ತಿಗೆ ಬಂದಿತ್ತು. ಕುರ್ಚಿಯಲ್ಲೇ ತೂಕಡಿಸುತ್ತಿದ್ದ ಮುದುಕಿ ಎದ್ದು, ಗೋಡೆ ಹಿಡಿದುಕೊಂಡು ಊಟದ ಕೋಣೆಗೆ ನಡೆದಳು. ಅವಳು ಮರೆಯಾದದ್ದೇ ಗಂಡ ಮೆಟ್ಟಿಲು ಇಳಿದು ಷೆಡ್ಡಿಗೆ ಬಂದ. ನೆಲದ ಮೇಲೆ ಸಾಲಾಗಿ ಇಟ್ಟಿದ್ದ ಪಟ್ಟಿಗಳನ್ನು ಕಾಲಿನಿಂದ ತಡವಿ, ಒಂದನ್ನು ಎತ್ತಿಕೊಂಡ. ಎಡಗಡೆಯ ಮಡ್‌ಗಾರ್ಡಿನ ಉದ್ದಕ್ಕೂ ಅಂಗೈ ಸವರಿಕೊಂಡು ಹೋಗಿ, ಪಟ್ಟಿಯನ್ನು ಒತ್ತಿದ. ಕೂರಲಿಲ್ಲ. ಸ್ವಲ್ಪ ಆಚೆ ಒತ್ತಿದ. ಕ್ಲಿಪ್ಪು ಬಣ್ಣದ ಮೇಲೆ ಕಿರ್ರೆಂದು ಜಾರಿತು. ದಾರಿಯಲ್ಲಿ ಫರ್ಲಾಂಗು ದೂರಕ್ಕೆ ನಾಯಿ ಕಂಡರೂ ಬ್ರೇಕು ಒತ್ತುತ್ತಿದ್ದ ಮನುಷ್ಯ. ಅವಳು ಅದಕ್ಕೆ ಎಷ್ಟು ಸಲ ಅಣಕಿಸಿದ್ದಳು, ನಿಮ್ಮ ಜೊತೆ ಹೊರಟರೆ ನಾಯಿಗಳು ಮೊದಲು ಊರು ಸೇರುತ್ತವೆ ಎಂದು. ಈಗ ಅವನ ಕುತ್ತಿಗೆಯ ಹಿಂದೆ ಬೆವರಿಳಿಯುತ್ತಿತ್ತು. ಅವಳಿಗೆ ಅವನ ಮೇಲೆ ಬಂದದ್ದು ಸಿಟ್ಟಲ್ಲ, ಭಯ. ಇಷ್ಟು ವರ್ಷ ಯಾರ ಪಕ್ಕದಲ್ಲಿ ಮಲಗಿದೆ ಎನ್ನುವ ಭಯ.

"ತೂತು ಸಿಗ್ತಾ ಇಲ್ಲ," ಎಂದ. "ಸ್ವಲ್ಪ ತೋರಿಸು ಬಾ."

ಅವಳು ಹತ್ತಿರ ಹೋದಳು. ಪಟ್ಟಿಯನ್ನು ಅವನ ಕೈಯಿಂದ ತೆಗೆದುಕೊಂಡಳು. ಅವನ ತೋರುಬೆರಳು ಹಿಡಿದು, ಮಡ್‌ಗಾರ್ಡಿನ ಮೊದಲ ತೂತಿನ ಮೇಲೆ ಇಟ್ಟಳು. ಬಿಡಲಿಲ್ಲ. ತೂತಿನ ನಾಲ್ಕೂ ಮೂಲೆಗೆ ಅವನ ಬೆರಳನ್ನು ಒತ್ತಿ ತೋರಿಸಿದಳು.

"ಇದು ಚೌಕ," ಎಂದಳು.

ಅವನು ಬೆರಳು ಎಳೆದುಕೊಳ್ಳಲು ನೋಡಿದ. ಅವಳು ಹಾಗೆಯೇ ಮಣಿಕಟ್ಟು ಹಿಡಿದು, ಕಾರಿನ ಮೂತಿ ಬಳಸಿ ಬಲಗಡೆಗೆ ಕರೆದುಕೊಂಡು ಹೋದಳು. ಅವನು ಎಳೆದ ಕಡೆ ಬಂದ. ಬಲಗಡೆಯ ತೂತಿನ ಮೇಲೆ ಬೆರಳು ಇಟ್ಟಳು.

"ಇದು ಗುಂಡಗೆ."

ಷೆಡ್ಡಿನ ತಗಡಿನ ಮೇಲೆ ಕಾಗೆಯೊಂದು ನಡೆದಾಡುವ ಸದ್ದು ಕೇಳುತ್ತಿತ್ತು. ಅವನು ತಲೆಯನ್ನು ಪಕ್ಕಕ್ಕೆ ವಾಲಿಸಿ, ಉಳಿದಿರುವ ನೋಟದ ಅಂಚಿನಿಂದ ಅವಳ ಮುಖ ಹುಡುಕಿದ. ಸಿಕ್ಕಿತೋ ಇಲ್ಲವೋ.

"ನಾಯಿ ಅಂದ್ಕೊಂಡೆ," ಎಂದ.

ಅವಳ ಕೈ ಸಡಿಲವಾಯಿತು. ಒಪ್ಪಿಕೊಳ್ಳದಿದ್ದರೆ, ದನ ದನ ಎಂದು ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು ಎಂದು ಆ ಕ್ಷಣ ಅವಳಿಗೆ ಅನ್ನಿಸಿತು.

"ಇಳಿದು ನೋಡಲಿಲ್ವಾ?"

ಅವನು ಬಾಯಿ ತೆರೆದ. ಒಳಗಿನಿಂದ ಮುದುಕಿ ಕೂಗಿದಳು. "ಅಳಿಯಂದ್ರೆ, ನನ್ನ ಮಾತ್ರೆ ಹೊತ್ತು ಮೀರ್ತಾ ಇದೆ. ಊಟಕ್ಕೆ ಮುಂಚಿನದು ಕೊಡಿ."

ಅವನ ಕಾಲು ತಾನಾಗಿ ಆ ಕಡೆ ತಿರುಗಿತು. ಗೋಡೆ ಮುಟ್ಟುತ್ತ, ಮೆಟ್ಟಿಲು ತಡವುತ್ತ ಒಳಗೆ ಹೋದ. ಅವಳೂ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತಳು. ಪಟ್ಟಿ ಇನ್ನೂ ಕೈಯಲ್ಲೇ ಇತ್ತು.

ಅವನು ಗೂಡಿನಿಂದ ಡಬ್ಬಿ ತೆಗೆದು, ಒಳಗಿನ ಮಾತ್ರೆಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಮುಟ್ಟಿ ನೋಡಿದ. ಗೀರು ಇರುವುದು ಬೆಳಗಿನದು, ಉದ್ದನೆಯದು ರಾತ್ರಿಯದು. ಕಣ್ಣು ಹೋದಮೇಲೂ ಈ ಒಂದು ಕೆಲಸ ಅವನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಇಂದು ಒಂದನ್ನು ಆರಿಸಿ, ಮತ್ತೆ ಹಾಕಿ, ಇನ್ನೊಂದನ್ನು ಆರಿಸಿದ. ಮುದುಕಿ ಅಂಗೈ ಚಾಚಿದಳು. ಅವನು ಮಾತ್ರೆ ಇಟ್ಟ. ಯಾವ ಮಾತ್ರೆ ಎಂದು ಅವಳು ಯಾವತ್ತಿನ ಹಾಗೆ ನೋಡಲಿಲ್ಲ. ಬಾಯಿಗೆ ಹಾಕಿಕೊಂಡು ನೀರು ಕುಡಿದಳು.

"ಏನೇ, ಏನಂದ ಕೊನೆಗೆ ಆ ಕನ್ನಡಿಯವನು?" ಎಂದು ಮಗಳನ್ನು ಕೇಳಿದಳು. "ಏನಾಗಿತ್ತಂತೆ ನಮ್ಮ ಬೆಳ್ಳಿಗೆರೆಗೆ?"

ಗಂಡ ಡಬ್ಬಿಯ ಮುಚ್ಚಳ ಹಿಡಿದು ನಿಂತಿದ್ದ. ಹಾಕಲಿಲ್ಲ.

ಅವಳು ಒಳಗೆ ಬಂದಳು. ಊಟದ ಮೇಜಿನ ಮೇಲೆ ಮೂರು ತಟ್ಟೆ ಇಟ್ಟಿತ್ತು. ಪಟ್ಟಿಯನ್ನು ಅವುಗಳ ನಡುವೆ ಮಲಗಿಸಿ, ತನ್ನ ಕುರ್ಚಿ ಎಳೆದು ಕೂತಳು.

"ಹೇಳ್ತೀನಿ ಇರಮ್ಮ," ಎಂದಳು. "ಅವರೂ ಕೂತ್ಕೊಳ್ಲಿ."

ಮುದುಕಿ ಪಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಶಾಲಿನ ತುದಿಯಿಂದ ಅದರ ಧೂಳನ್ನು, ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ, ನಿಧಾನವಾಗಿ ಒರೆಸತೊಡಗಿದಳು.